ಶಿವನ ತಲೆಯ ಮೇಲಿನ ಗುರುತು

ಹಳೆಯ ಕಾಸು ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಕಿವಿ ಮುಚ್ಚಿಕೊಳ್ಳುವುದು. ನನಗೆ ಈ ವಿದ್ಯೆ ಕಲಿಸಿದ ಹಿರಿಯರು ಚಾಮರಾಜನಗರದ ತಮ್ಮ ಮನೆಯ ಜಗಲಿಯಲ್ಲಿ ಕೂತು ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ತಂದೋನು ಕಥೆ ತರ್ತಾನೆ ಕಣಯ್ಯ. ನಮ್ ತಾತಂದು ಅಂತಾನೆ, ಅರಮನೇಲಿ ಕೊಟ್ಟಿದ್ದು ಅಂತಾನೆ. ನೀನು ಕಾಸು ನೋಡು, ಕಥೆ ಕೇಳ್ಬೇಡ." ಅವರ ಎರಡನೆಯ ಮಾತು ಇನ್ನೂ ಚಿಕ್ಕದು: "ತೊಳೀಬೇಡ." ಹಳೆಯ ಕಾಸಿನ ಮೇಲೆ ಕೂತಿರುವ ಕೊಳೆ, ಕಿಲುಬು, ಮಣ್ಣು ಎಲ್ಲವೂ ಅದರ ವಯಸ್ಸಿಗೆ ಸಾಕ್ಷಿ. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ ತಂದ ಕಾಸನ್ನು ಅವರು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಈ ಎರಡು ಮಾತನ್ನೂ ನಾನು ಚಾಚೂ ತಪ್ಪದೆ ಪಾಲಿಸಿದ ದಿನ ನನ್ನ ಅಕ್ಕ ತನ್ನ ಮನೆಯಲ್ಲಿ ಕಳ್ಳಿಯಾದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಳೇ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ಸಣ್ಣ ಅಂಗಡಿ ನನ್ನದು. ತೂತಾದ ಹಂಡೆ, ಸೊಟ್ಟಗಾದ ಚೊಂಬುಗಳ ಜೊತೆ ಒಮ್ಮೊಮ್ಮೆ ತಾಮ್ರದ ಕಾಸುಗಳೂ ಬರುತ್ತವೆ. ಅವುಗಳನ್ನು ಆರಿಸಿಟ್ಟುಕೊಳ್ಳುತ್ತಾ ಈ ಹುಚ್ಚು ಹತ್ತಿತು ಎಂದು ಕೇಳಿದವರಿಗೆ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ನನ್ನ ಮೊದಲ ಕಾಸನ್ನು ಕೊಟ್ಟವಳು ಅಕ್ಕ. ಉಡಿಗಾಲದ ನಮ್ಮ ಹೊಲದಲ್ಲಿ ಕಳೆ ಕೀಳುವಾಗ ಸಿಕ್ಕಿದ್ದನ್ನು ಲಂಗದ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು, "ತಗಳ್ಲಾ, ಆನೆ ಅದೆ ಇದ್ರಾಗೆ" ಎಂದು ನನ್ನ ಕೈಗೆ ಹಾಕಿದ್ದಳು. ನನಗೆ ಆನೆ ಕಾಣಲೇ ಇಲ್ಲ. ಅವಳು ನನ್ನ ತಲೆ ಹಿಡಿದು ಬಿಸಿಲಿನ ಕಡೆ ತಿರುಗಿಸಿ, "ಓರೆ ಇಡ್ಕಂಡು ನೋಡ್ಲಾ ಕುಲ್ಡ" ಎಂದಳು. ಆಗ ಸೊಂಡಿಲು ಕಂಡಿತು. ಬೆಳಕು ಓರೆಯಾಗಿ ಬೀಳಬೇಕು ಎಂಬುದನ್ನು ನಾನು ಕಲಿತದ್ದು ಹಿರಿಯರಿಂದಲ್ಲ, ಅವಳಿಂದ.

ಅಕ್ಕನನ್ನು ಕುದೇರಿಗೆ ಕೊಟ್ಟಿತ್ತು. ಶಿವಪೂಜೆ ತಪ್ಪದ ಮನೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಆದರೂ ಆ ಮನೆಯಲ್ಲಿ ಅವಳಿಗೊಂದು ಜಾಗವಿತ್ತು. ದೇವರ ಪೆಟ್ಟಿಗೆಯ ಬೀಗದ ಕೈ ಹಿರಿಸೊಸೆಯ ಸೊಂಟದಲ್ಲಿ ಇರಬೇಕೆಂಬುದು ಆ ಮನೆಯ ಪದ್ಧತಿ. ಪೆಟ್ಟಿಗೆಯೊಳಗೆ ಒಂದು ಚಿನ್ನದ ವರಹವಿತ್ತು. ಅಂಗಿಯ ಗುಂಡಿಗಿಂತ ಚಿಕ್ಕದು. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದು ಕಡೆ ಮೂರು ಸಾಲು ನಾಗರಿ ಅಕ್ಷರ. ಪ್ರತಿ ಸೋಮವಾರ ಅದನ್ನು ತೆಗೆದು, ವಿಭೂತಿ ತಿಕ್ಕಿ, ಪೂಜೆ ಮಾಡಿ, ಮತ್ತೆ ಒಳಗಿಡುವುದು ಅಕ್ಕನ ಕೆಲಸ. ಅತ್ತೆ ಮಾಡುತ್ತಿದ್ದರು, ಅತ್ತೆಯ ಅತ್ತೆ ಮಾಡುತ್ತಿದ್ದರು. ಗಂಡನೂ ಮಕ್ಕಳೂ ಇಲ್ಲದವಳು ಎಂದು ಯಾರೂ ಅವಳನ್ನು ಹಿಂದಕ್ಕೆ ಸರಿಸದ ಹಾಗೆ ಆ ಬೀಗದ ಕೈ ಕಾಯುತ್ತಿತ್ತು.

ಅವಳ ಮೈದುನ ಹೊಸ ಮನೆ ಕಟ್ಟಿಸತೊಡಗಿದಾಗ ಪಾಲಿನ ಮಾತು ಬಂತು. ಪೆಟ್ಟಿಗೆ ಯಾರ ಮನೆಗೆ ಹೋಗಬೇಕು ಎಂಬ ಪ್ರಶ್ನೆಯೂ ಬಂತು. ಮೈದುನ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದ. ವರಹ ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿದವರಿಂದ ನೋಡಿಸಿ ಆಮೇಲೆ ತೀರ್ಮಾನ ಮಾಡೋಣ ಎಂದ. ಆಗ ಅಕ್ಕನೇ ಹೇಳಿದಳಂತೆ: "ತಿಳ್ದೋರ್ನ ಎಲ್ಲಿ ಉಡಿಕ್ಕಂಡ್ ಓದೀರಿ? ನನ್ ತಮ್ಮ ಇಲ್ವಾ?"

ಹೆಮ್ಮೆಯಿಂದ ಹೇಳಿದ್ದಳು. ಅದನ್ನು ಮರೆಯಲು ನನಗೆ ಆಗುತ್ತಿಲ್ಲ.

ಸೋಮವಾರ ಪೂಜೆ ಮುಗಿದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಮೈದುನ, ಅವನ ಹೆಂಡತಿ, ಪಾಲಿನ ಮಾತಿಗೆ ಬಂದಿದ್ದ ಊರಿನ ಇಬ್ಬರು ಹಿರಿಯರು ಇದ್ದರು. ನಾನು ಚೀಲದಿಂದ ಒಂದೊಂದೇ ಸಾಮಾನು ತೆಗೆದು ಮುಂದೆ ಜೋಡಿಸಿದೆ. ಕಣ್ಣಿಗೊತ್ತಿಕೊಂಡು ನೋಡುವ ಮಸೂರ, ಅಂಗೈಯಗಲದ ತಕ್ಕಡಿ, ಕಪ್ಪು ಬಟ್ಟೆ. ಬೇಕಾದ್ದಕ್ಕಿಂತ ನಿಧಾನವಾಗಿ ಜೋಡಿಸಿದೆ ಎಂದು ಈಗ ಅನ್ನಿಸುತ್ತದೆ. ಎಲ್ಲರೂ ನೋಡುತ್ತಿದ್ದರು.

"ಏನ್ ಬಾಮೈದ, ಡಾಕ್ಟ್ರು ಆಪ್ರೇಶನ್ನಿಗೆ ಕುಂತಂಗೆ ಕುಂತ್ಬುಟ್ಟಲ್ಲ" ಎಂದ ಮೈದುನ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಅವಳು ವರಹವನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದಳು. ಮೊದಲು ಹಾಗೇ ಒಂದು ಫೋಟೋ ತೆಗೆದೆ. ಅವಳ ಕೈ ಅಲುಗಿ ಚಿತ್ರ ಮಸುಕಾಯಿತು. "ಕೈ ಅಲ್ಲಾಡಿಸ್ಬೇಡ ಅಕ್ಕ" ಎಂದು ಸಿಡುಕಿ, ಕಾಸನ್ನು ಕಪ್ಪು ಬಟ್ಟೆಯ ಮೇಲೆ ಇಡಿಸಿ ಮತ್ತೆ ತೆಗೆದೆ.

"ಇದು ನನ್ ಮದ್ವೇಲಿ ಕಣ್ಲಾ..." ಎಂದು ಅವಳು ಏನೋ ಶುರು ಮಾಡಿದಳು.

"ಅಕ್ಕ, ಕಥೆ ಬೇಡ" ಎಂದೆ. "ನಾವು ಕಥೆ ಕೇಳೋಹಂಗಿಲ್ಲ."

ಊರಿನ ಹಿರಿಯರಲ್ಲೊಬ್ಬರು ತಲೆದೂಗಿದರು. ನನಗೆ ಖುಷಿಯಾಯಿತು.

ಅಚ್ಚಿನಿಂದ ಹೊಡೆದ ಕಾಸಿನಲ್ಲಿ ಸುತ್ತಿಗೆಯ ಏಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಮಸೂರದಲ್ಲಿ ನೋಡಿದರೆ ಅಕ್ಷರಗಳ ಬುಡದಲ್ಲಿ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಅಸಲಿ ಕಾಸಿನ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಆ ಗೆರೆಗಳಿರುವುದಿಲ್ಲ. ಅದರ ಮೈ ಬಳಸಿದ ಸೋಪಿನ ಹಾಗೆ ನುಣುಪು. ಗಾಳಿ ಸಿಕ್ಕಿಕೊಂಡ ಕಡೆ ಸೂಜಿಮೊನೆಯಂಥ ಗುಳಿಗಳು. ಅಂಚಿನಲ್ಲಿ ಒಂದು ಕಡೆ, ಕರಗಿದ ಲೋಹ ಸುರಿದ ಬಾಯಿಯನ್ನು ಕತ್ತರಿಸಿ ಅರದಿಂದ ಉಜ್ಜಿದ ಗುರುತು. ಸವಕಲು ಬೇರೆ, ಎರಕದ ಮಬ್ಬು ಬೇರೆ. ಸವೆದ ಕಾಸಿನಲ್ಲಿ ಎತ್ತರದ ಜಾಗ ಮಾತ್ರ ಹೋಗಿರುತ್ತದೆ. ಶಿವನ ಮೊಣಕಾಲು, ಪಾರ್ವತಿಯ ಮುಖ ಮೊದಲು ಸವೆಯುತ್ತವೆ. ತಗ್ಗಿನೊಳಗೆ ಅಚ್ಚಿನ ಹರಿತ ಹಾಗೇ ಉಳಿದಿರುತ್ತದೆ. ಎರಕದ್ದರಲ್ಲಿ ಉಬ್ಬೂ ತಗ್ಗೂ ಒಂದೇ ಸಮ ಮಬ್ಬು.

ಆದ್ದರಿಂದ ತಗ್ಗನ್ನು ನೋಡಬೇಕು. ಈ ವರಹದ ತಗ್ಗುಗಳ ತುಂಬ ವಿಭೂತಿ ಕೂತು ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಕಾಣುವಷ್ಟು ಮೈ ನುಣುಪಾಗಿತ್ತು. ಶಿವನಿಗೆ ಮೊಣಕಾಲಿರಲಿಲ್ಲ. ಪಾರ್ವತಿ ಬರೀ ಒಂದು ಉಬ್ಬು. ತೂಕ ಇರಬೇಕಾದ್ದಕ್ಕಿಂತ ತುಸು ಕಡಿಮೆ ಬಂತು. ಅಂಚನ್ನು ತಿರುಗಿಸಿ ನೋಡುತ್ತಾ ಹೋದೆ. ಒಂದು ಕಡೆ ಅರ ಆಡಿಸಿದ ಗುರುತು ಸಿಕ್ಕಿತು. ಅದರ ಪಕ್ಕದಲ್ಲೇ ನಾಲ್ಕಾರು ಗುಳಿಗಳು.

ನಾನು ಎಷ್ಟೋ ಹೊತ್ತು ಮಸೂರ ಇಳಿಸದೆ ಕೂತಿರುವುದನ್ನು ನೋಡಿ ಅಕ್ಕ ಕೇಳಿದಳು: "ಈಬತ್ತಿ ಮೆತ್ಕಂಡದೆ ಅಂತ ಕಾಣ್ನಿಲ್ವೇನ್ಲಾ? ನೀರ್ಗಾಕಿ ತೊಳ್ದು ಕೊಡ್ಲಾ?"

"ಮುಟ್ಬೇಡ. ತೊಳೆದ್ರೆ ಕಾಸು ಕೆಟ್ಟೋಗುತ್ತೆ."

ಚಿನ್ನ ನೀರಿಗೆ ಕೆಡುವುದಿಲ್ಲ. ಆ ನಿಯಮ ಇರುವುದು ತಾಮ್ರಕ್ಕೆ, ಬೆಳ್ಳಿಗೆ. ಅದು ನನಗೆ ಆಗಲೂ ಗೊತ್ತಿತ್ತು. ಒಂದು ಬಟ್ಟಲು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದ್ದರೆ ವಿಭೂತಿ ಬಿಟ್ಟುಕೊಳ್ಳುತ್ತಿತ್ತು, ಅಕ್ಷರಗಳ ಬುಡದ ಗೆರೆಗಳು ಕಾಣುತ್ತಿದ್ದವು. ಬಾಯಿಗೆ ಬಂದ ನಿಯಮವನ್ನು ನುಂಗಿಕೊಂಡು, "ಹೂಂ, ನೆನೆಹಾಕು" ಎನ್ನುವುದು ಅಷ್ಟು ಜನರ ಮುಂದೆ ನನ್ನಿಂದಾಗಲಿಲ್ಲ.

ಇನ್ನೂ ಒಂದು ಮಾತಿದೆ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನನಗೆ ಅನುಮಾನವಿತ್ತು. ಮನಸ್ಸಿನ ಅರ್ಧ ಎರಕ ಎನ್ನುತ್ತಿತ್ತು, ಇನ್ನರ್ಧ ಹೇಳಲಾರೆ ಎನ್ನುತ್ತಿತ್ತು. "ಗೊತ್ತಾಗ್ತಿಲ್ಲ, ನಂಗೆ ಕಲಿಸಿದ ಹಿರಿಯರಿಗೆ ತೋರಿಸೋಣ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೈದುನ ನನ್ನ ಮುಖವನ್ನೇ ನೋಡುತ್ತಿದ್ದ. ಅಸಲಿ ಎಂದರೆ ಅಕ್ಕನ ಕಡೆ ವಾಲಿದ ಅನ್ನುತ್ತಾರೆ. ಗೊತ್ತಿಲ್ಲ ಎಂದರೆ ಇವನಿಗೆ ಬರುವುದು ಪಾತ್ರೆ ವ್ಯಾಪಾರ ಮಾತ್ರ ಅನ್ನುತ್ತಾರೆ. ನಕಲಿ ಎಂದರೆ ಮಾತ್ರ ನಾನು ಸಾಚಾ ಆಗುತ್ತೇನೆ. ಇಷ್ಟನ್ನು ಲೆಕ್ಕ ಹಾಕಿಯೇ ಬಾಯಿ ತೆರೆದೆ ಎಂದೇನೂ ಅಲ್ಲ. ಆದರೆ ನಾಲಿಗೆ ವಾಲಿದ್ದು ಆ ಕಡೆಗೇ.

"ಇದು ಹೊಡೆದ ಕಾಸಲ್ಲ" ಎಂದೆ. "ಎರಕದ್ದು."

"ಅಂದ್ರೆ?"

"ಅಸಲೀದರ ಪಡಿಯಚ್ಚು ತೆಗೆದು ಚಿನ್ನದಲ್ಲೇ ಹೊಯ್ದಿರೋದು. ನಕಲಿ ಮಾಡೋರು ಚಿನ್ನ ಒಳ್ಳೇದೇ ಹಾಕ್ತಾರೆ, ಯಾರಿಗೂ ಅನುಮಾನ ಬರಬಾರ್ದು ಅಂತ."

ನಾನು ಸ್ಥಿತಿ ಹೇಳಿದೆ, ನನ್ನ ಕೆಲಸ ಮುಗಿಯಿತು ಎಂದು ಮಸೂರವನ್ನು ಒರೆಸುತ್ತಿದ್ದೆ. ನನ್ನ ಮಾತಿನ ಇನ್ನೊಂದು ಮುಖ ನನಗಿಂತ ಮೊದಲು ಕಂಡದ್ದು ಅಕ್ಕನ ವಾರಗಿತ್ತಿಗೆ, ಮೈದುನನ ಹೆಂಡತಿಗೆ.

"ಪಡಿಯಚ್ಚು ತಗ್ಯಕೆ ಅಸಲೀದು ಇರ್ಬೇಕಲ್ಲ" ಎಂದಳು ಅವಳು. "ಅಂಗಾರೆ ಅಸಲೀದು ಎಲ್ಲೋಯ್ತು? ಬೀಗ ಯಾರತ್ರ ಇತ್ತು?"

ಅವಳೇ ಮುಂದುವರಿಸಿದಳು:

"ಈ ಮನೆ ಸೊಸೇರ್ಗೆಲ್ಲ ಮದ್ವೆ ದಿನ ಇದ್ನ ಕೊಳ್ಳಿಗೆ ಕಟ್ತಿದ್ರಂತೆ. ಅಕ್ಕಂಗೂ ಕಟ್ಟುದ್ರು. ನಂಗ್ಯಾಕೆ ಕಟ್ನಿಲ್ಲ ಅಂತ ಇಷ್ಟ್ ವರ್ಸ ಯೋಚ್ನೆ ಮಾಡಿದ್ದೆ. ಈಗ ಗೊತ್ತಾಯ್ತು ಬುಡಿ. ನಾ ಬರಾಷ್ಟೊತ್ಗೆ ಕಟ್ಟಾಕೆ ಅಸಲೀದು ಇರ್ನಿಲ್ಲ."

"ಏಯ್, ಸುಮ್ನಿರು" ಎಂದ ಮೈದುನ. ಆದರೆ ಅವನು ನೋಡಿದ್ದು ಅಕ್ಕನ ಕಡೆ. ಅಲ್ಲಿಂದ ಅವನ ಕಣ್ಣು ನನ್ನ ಕಡೆ ಬಂತು. ಆ ಮನೆಯ ನೆಂಟರಲ್ಲಿ ಹಳೇ ಕಾಸು ಕೂಡಿಡುವವನು ನಾನೊಬ್ಬನೇ. ನಾನಾಗಿಯೇ ನಕಲಿ ಎಂದು ಹೇಳಿದ್ದರಿಂದ ನಾನು ಪಾರಾದೆ. ಅಕ್ಕ ಸಿಕ್ಕಿಕೊಂಡಳು.

ಕೊರಳಿಗೆ ಕಟ್ಟುತ್ತಿದ್ದರು ಎಂಬ ಮಾತು ನನ್ನ ಕಿವಿಗೆ ಬಿತ್ತು. ಕಟ್ಟಬೇಕಾದರೆ ಅದಕ್ಕೆ ಕೊಂಡಿ ಇರಬೇಕು, ಕೊಂಡಿ ತೆಗೆದರೆ ಅಂಚಿನಲ್ಲಿ ಗುರುತು ಉಳಿಯಬೇಕು. ಇದು ಆ ಗಳಿಗೆಯಲ್ಲಿ ನನಗೆ ಹೊಳೆಯಿತೋ ಇಲ್ಲವೋ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ. ಹೊಳೆಯಲಿಲ್ಲ ಎಂದು ನಂಬಿಕೊಂಡಿದ್ದೇನೆ.

ಅಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ, ನನ್ನ ಕಪ್ಪು ಬಟ್ಟೆಯ ಮೇಲೆ, ವರಹದ ಪಕ್ಕದಲ್ಲಿ ಇಟ್ಟಳು. "ಊಟಕ್ಕೇಳ್ಲಾ" ಎಂದಷ್ಟೇ ಹೇಳಿ ಒಳಗೆ ಹೋದಳು.

ಊಟ ಮಾಡಿಯೇ ಬಂದೆ.

ಆಮೇಲಿನ ತಿಂಗಳುಗಳಲ್ಲಿ ಕುದೇರಿನ ಸುದ್ದಿ ಬೇರೆಯವರ ಬಾಯಿಂದ ಬರುತ್ತಿತ್ತು. ಹಿಂದಿನ ಒಂದು ಕೋಣೆ ಅಕ್ಕನ ಪಾಲಿಗೆ ಬಂತಂತೆ. ಬೇರೆ ಒಲೆ ಹಚ್ಚಿದಳಂತೆ. ಊರಿನ ಮದುವೆಗಳಲ್ಲಿ ಅವಳಿರುವ ಕಡೆ ಯಾರೋ ಒಬ್ಬರು ಒಡವೆ ಜೋಪಾನ ಎಂದು ನಕ್ಕರಂತೆ. ಆಮೇಲೆ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ನಾನು ಫೋನ್ ಮಾಡಿದರೆ ಬೆಳೆ ಹೇಗಿದೆ, ನನ್ನ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ವರಹದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಳೇ ಕಾಸು ಕೂಡಿಡುವ ಗೆಳೆಯರ ನಡುವೆ ಮಾತ್ರ ನನ್ನ ಹೆಸರು ಬೆಳೆಯಿತು. ಜಗಲಿಯ ಹಿರಿಯರು ಎಲ್ಲರೆದುರು ಹೇಳಿದರು: "ಅಕ್ಕನ ಮನೇಲೂ ತಕ್ಕಡಿ ಓರೆ ಮಾಡ್ಲಿಲ್ಲ ಇವನು." ಮೈಸೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನದಲ್ಲಿ ಜನ ತರುವ ಕಾಸುಗಳನ್ನು ನೋಡಿ ಸ್ಥಿತಿ ಹೇಳಲು ಈ ಸಲ ನನ್ನನ್ನೂ ಒಂದು ಮೇಜಿಗೆ ಕೂರಿಸುವುದೆಂದು ಮಾತಾಯಿತು. ಏಳನೇ ಕ್ಲಾಸಿನವನಿಗೆ ಮೇಜು, ಕುರ್ಚಿ, ಎದೆಗೆ ಹೆಸರಿನ ಚೀಟಿ. ನಾನು ಹೊಸ ಅಂಗಿ ಹೊಲಿಸಿದೆ.

ಪ್ರದರ್ಶನಕ್ಕೆ ಮುಂಚೆ ಗುಂಡ್ಲುಪೇಟೆಗೆ ಹೋಗುವ ಕೆಲಸ ಬಂತು. ಅಲ್ಲಿಯ ಒಬ್ಬ ಚಿನ್ನದ ಕೆಲಸದವರ ಹತ್ತಿರ ಒಂದು ಮಲಯಾಳಿ ಮನೆಯವರ ಹಳೆಯ ಕಾಸಿನ ಸರ ಬಂದಿತ್ತು. ಅದರಲ್ಲಿ ಅಸಲಿ ಹಳೇ ಕಾಸು ಎಷ್ಟಿದೆ, ಆಮೇಲೆ ಸೇರಿಸಿದ್ದು ಎಷ್ಟಿದೆ ನೋಡಿ ಬೇರೆ ಮಾಡಿಕೊಡಬೇಕಿತ್ತು. ಬೆಳಗ್ಗೆಯ ಮಂಜು ಇನ್ನೂ ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೂತಿತ್ತು. ಊಟಿ ಕಡೆ ಹೋಗುವ ಕಾರುಗಳು ಚೆಂಡುಹೂವಿನ ಹೊಲದ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದವು. ನನಗೂ ಆ ದಿನ ಉಲ್ಲಾಸವಿತ್ತು.

ಅಸಲಿ ಎಂದು ನಾನು ಆರಿಸಿಕೊಟ್ಟ ಕಾಸುಗಳಿಂದ ಅವರು ಒಂದೊಂದಾಗಿ ಕೊಂಡಿ ಬಿಡಿಸತೊಡಗಿದರು. ಮೊದಲು ಇಕ್ಕಳದಿಂದ ಕೊಂಡಿ ಕತ್ತರಿಸಿದರು. ಉಳಿದ ಬೆಸುಗೆಯ ಮೇಲೆ ಅರ ಆಡಿಸಿದರು. ಊದಿ ಪುಡಿ ಹಾರಿಸಿ ಕಾಸನ್ನು ನನ್ನ ಕೈಗೆ ಕೊಟ್ಟರು.

ಅಭ್ಯಾಸದಂತೆ ಮಸೂರ ಹಿಡಿದೆ. ಅಂಚಿನಲ್ಲಿ ಅರ ಆಡಿಸಿದ ಗುರುತು. ಹಿಂದೆಂದೋ ಬೆಸುಗೆಯ ಶಾಖ ತಗುಲಿದ ಕಡೆ ಸೂಜಿಮೊನೆಯಂಥ ಗುಳಿಗಳು.

ಇನ್ನೊಂದು ಕೊಡಿ ಎಂದೆ. ಅದರಲ್ಲೂ ಅದೇ. ಮತ್ತೊಂದರಲ್ಲೂ ಅದೇ.

"ಯಾಕಣ್ಣ, ಕೆಟ್ಟದಾ?" ಎಂದರು ಅವರು.

"ಇಲ್ಲ. ಈ ಕೊಂಡೀನ ಇಲ್ಲೇ ಯಾಕೆ ಇಟ್ಟವ್ರೆ?"

ಅವರು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಇನ್ನೆಲ್ಲಿ ಇಕ್ತಾರೆ? ದೇವ್ರ ತಲೆ ಮ್ಯಾಲೆ. ಬ್ಯಾರೆ ಕಡೆ ಇಕ್ಕುದ್ರೆ ದೇವ್ರು ಸೊಟ್ಟಕೆ ನೇತಾಡ್ತದೆ." ಹೇಳಿ ಮುಂದಿನ ಕಾಸಿಗೆ ಕೈ ಹಾಕಿದರು. ಅವರಿಗೆ ಅದು ಒಂದು ಮಾತೇ ಅಲ್ಲ.

ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಕುದೇರಿನ ವರಹದ ಫೋಟೋ ತೆರೆದೆ. ಕಪ್ಪು ಬಟ್ಟೆಯ ಮೇಲಿನ ಚಿತ್ರವನ್ನು ಹಿಗ್ಗಿಸಿದೆ. ಅರದ ಗುರುತು ಶಿವನ ತಲೆಯ ನೇರ ಮೇಲೆ ಇತ್ತು, ನೂಲು ಹಿಡಿದ ಹಾಗೆ. ಲೋಹ ಸುರಿಯುವವನಿಗೆ ದೇವರ ತಲೆ ಎಲ್ಲಿದೆ ಎಂಬುದರ ಹಂಗಿಲ್ಲ. ಕೊರಳಿಗೆ ಕಟ್ಟುವವರಿಗೆ ಅದೇ ಮುಖ್ಯ. ಮೈ ನುಣುಪಾದದ್ದು ಯಾಕೆ ಎಂಬುದೂ ಈಗ ತಾನಾಗಿ ತಿಳಿಯಿತು. ಒಂದು ಮನೆಯ ಹೆಂಗಸರು ತಲೆಮಾರುಗಳ ಕಾಲ ಸೋಮವಾರ ತಪ್ಪದೆ ಹೆಬ್ಬೆರಳಿನಿಂದ ವಿಭೂತಿ ತಿಕ್ಕಿದರೆ ಶಿವನಿಗೆ ಮೊಣಕಾಲು ಉಳಿಯುವುದಿಲ್ಲ. ತೂಕವೂ ಅಲ್ಲೇ ಹೋಗಿತ್ತು, ಅವರ ಬೆರಳುಗಳಲ್ಲಿ. ಚಿತ್ರದ ಕೆಳಗಿನ ಮೂಲೆಯಲ್ಲಿ, ವಿಭೂತಿ ತುಸು ಕಳಚಿದ್ದ ಒಂದು ಕಡೆ, ಕೂದಲೆಳೆಯಂಥ ಮೂರು ಗೆರೆಗಳು ಅಂಚಿನ ಕಡೆಗೆ ಓಡುತ್ತಿದ್ದವು.

ಅಲ್ಲಿಂದ ನೇರ ಕುದೇರಿಗೆ ಹೋಗಬೇಕಿತ್ತು. ಬಸ್ ಸ್ಟಾಂಡಿನವರೆಗೆ ಹೋದೆ. ಮೈಸೂರಿನ ಮೇಜು ನೆನಪಾಯಿತು. ಮೊದಲೇ ತಪ್ಪು ಒಪ್ಪಿಕೊಂಡರೆ ಜಗಲಿಯ ಹಿರಿಯರು ಏನೆನ್ನುತ್ತಾರೆ, ಆ ಚೀಟಿಯನ್ನು ಯಾರ ಎದೆಗೆ ಹಚ್ಚುತ್ತಾರೆ ಎಂದು ಯೋಚಿಸಿದೆ. ಇಷ್ಟು ತಿಂಗಳು ತಡೆದವಳು ಇನ್ನು ಸ್ವಲ್ಪ ದಿನ ತಡೆಯುತ್ತಾಳೆ, ಪ್ರದರ್ಶನ ಮುಗಿಯಲಿ ಎಂದುಕೊಂಡೆ. ಪಡಸಾಲೆಯಲ್ಲಿ ಮಾಡಿದ್ದನ್ನು ತಿಳಿಯದೆ ಮಾಡಿದ್ದು ಎಂದು ಯಾರಾದರೂ ಕ್ಷಮಿಸಬಹುದು. ಬಸ್ ಸ್ಟಾಂಡಿನಲ್ಲಿ ಮಾಡಿದ್ದನ್ನು ತಿಳಿದೇ ಮಾಡಿದೆ.

ಮೈಸೂರಿನ ಮೇಜಿನಲ್ಲಿ ಕೂತೆ. ಜನ ಸಾಲುಗಟ್ಟಿ ಬಂದರು, ಕಾಸು ಕೊಟ್ಟರು. ಪ್ರತಿ ಕಾಸಿನಲ್ಲೂ ಮೊದಲು ದೇವರ ತಲೆಯ ಮೇಲಿನ ಅಂಚನ್ನೇ ಹುಡುಕಿದೆ. ಒಬ್ಬ ಮುದುಕಿ ಬೆಳ್ಳಿಯ ಕಾಸು ತಂದು, "ಇದು ನಮ್ಮವ್ವ..." ಎಂದು ಶುರು ಮಾಡಿದಾಗ, ಹೇಳಿ ತಾಯಿ ಎಂದುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ಮುದುಕಿ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಮಧ್ಯಾಹ್ನವೇ ಎದ್ದು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಹೋಗಿ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡದ್ದು ಆಗ.

ಕುದೇರಿಗೆ ಹೋದದ್ದು ಮುಂದಿನ ಸೋಮವಾರ. ಮೈದುನನ ಹೊಸ ಮನೆಯ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಗೃಹಪ್ರವೇಶ ಮುಗಿದಿತ್ತು. ನನ್ನನ್ನು ಕರೆದಿರಲಿಲ್ಲ.

"ಭಾವ, ನಾನು ಅವತ್ತು ಹೇಳಿದ್ದು ತಪ್ಪು" ಎಂದೆ ಮೈದುನನಿಗೆ. ಎಲ್ಲವನ್ನೂ ಹೇಳಿದೆ. ಕೊಂಡಿ, ಬೆಸುಗೆ, ವಿಭೂತಿ, ಶಿವನ ತಲೆ. "ಕಾಸು ಕೊಡಿ. ನಿಮ್ಮೆದುರಿಗೇ ನೀರಲ್ಲಿ ನೆನೆಹಾಕಿ ತೋರಿಸ್ತೀನಿ. ಊರ ಹಿರೀಕರನ್ನೂ ಕರೀರಿ."

ಅವನು ಎದ್ದು ದೇವರ ಕೋಣೆಗೆ ಹೋಗಿ ಪೆಟ್ಟಿಗೆ ತಂದು ತೆರೆದ. ಒಳಗೆ ಚಿನ್ನದ ಬಿಲ್ವಪತ್ರೆ ಇತ್ತು. ಮೂರು ಎಲೆ, ಸಣ್ಣ ತೊಟ್ಟು. ಹೊಸದು, ಕಣ್ಣು ಕುಕ್ಕುವಷ್ಟು ಹೊಳಪು.

"ನಕಲಿ ಕಾಸು ದೇವ್ರ ತಾವ ಇರ್ಬಾರ್ದು ಅಂದ್ರು ಅಯ್ನೋರು. ಕರಗ್ಸಿ ಇಂಗೆ ಮಾಡಿಸ್ಬುಟ್ವು. ಗೃಹಪ್ರವೇಶಕ್ಕೆ ಏರ್ಸುದ್ವು."

"ಕರಗಿಸೋವಾಗ ಚಿನ್ನ ಹೆಂಗಿತ್ತಂತೆ?" ಎಂದು ಕೇಳಿದೆ. ಮುಳುಗುವವನು ಕೇಳುವ ಪ್ರಶ್ನೆ.

"ಚೊಕ್ಕ ಚಿನ್ನ ಅಂದ್ರು. ನೀನೇ ಯೋಳಿದ್ಯಲ್ಲ, ನಕಲಿ ಮಾಡೋರು ಒಳ್ಳೆ ಚಿನ್ನಾನೇ ಆಕ್ತಾರೆ ಅಂತ."

ಮೊಬೈಲ್ ತೆಗೆದು ಫೋಟೋ ತೋರಿಸಿದೆ. ಅವನು ನೋಡಿದ. ವಾರಗಿತ್ತಿ ಬಗ್ಗಿ ನೋಡಿದಳು. ಅವರಿಗೆ ಕಂಡದ್ದು ಒಂದು ಹಳದಿ ಉಂಡೆ.

"ನೋಡು ಬಾಮೈದ" ಎಂದ ಮೈದುನ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. "ಅವತ್ತು ನೀನು ಒಡುಟ್ಟಿದ್ ಅಕ್ಕನ ಇರುದ್ದ ಯೋಳ್ದೆ. ಎಂಥಾ ಗಂಡ್ಸು ಅಂತ ನಂಬುದ್ವು. ಇವತ್ತು ಅವಳ್ ಪರ ಯೋಳ್ತಾ ಇದ್ದೀಯ. ಕಾಸು ಇಲ್ಲ. ನಾ ಏನಂತ ನಂಬನ ಯೋಳು?"

"ನಾನು ಸುಳ್ಳು ಹೇಳ್ತಿದ್ದೀನಾ ಭಾವ?"

"ಅಂಗಂದ್ನಾ? ಅಕ್ಕ ಅಂದ್ಮೇಲೆ ಕರ್ಳು ಚುರ್ ಅನ್ನಲ್ವಾ. ನಾನಾಗಿದ್ರೂ ಇಂಗೇ ಮಾಡ್ತಿದ್ದೆ. ಕಾಪಿ ಕುಡ್ಕಂಡು ಓಗು."

ಊರಿನ ಹಿರಿಯರಿಬ್ಬರನ್ನೂ ಹುಡುಕಿಕೊಂಡು ಹೋದೆ. ಒಬ್ಬರು ಹೊಲದಲ್ಲಿದ್ದರು, ಪೂರ್ತಿ ಕೇಳಿ ಮೈದುನ ಹೇಳಿದ್ದನ್ನೇ ಹೇಳಿದರು. ಇನ್ನೊಬ್ಬರು, "ಓಗ್ಲಿ ಬುಡಪ್ಪ, ಎಲ್ಲಾ ತಣ್ಣಗಾಗದೆ, ಮತ್ತೆ ಯಾಕೆ ಕೆದಕ್ತೀಯ" ಎಂದರು. ತಣ್ಣಗಾಗಿರುವುದು ನಿಜ. ಇನ್ನು ಅದು ಹಾಗೇ ಗಟ್ಟಿಯಾಗುತ್ತದೆ.

ಕಡೆಗೆ ಅಕ್ಕನ ಕೋಣೆಗೆ ಹೋದೆ. ಹಿತ್ತಿಲಿಗೆ ತೆರೆಯುವ ಒಂದೇ ಬಾಗಿಲು. ಅವಳು ಆಗತಾನೆ ಪೂಜೆ ಮುಗಿಸಿ, ಎದುರಿಗೆ ವಿಭೂತಿ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಬೀಗದ ಕೈ ಇರುತ್ತಿದ್ದ ಕಡೆ ಸೀರೆಯ ಮಡಿಕೆ ಬರಿದಾಗಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕೊಂಡಿಯ ಮಾತು ಬಂದಾಗ ಅವಳು ತಲೆಯೆತ್ತಿದಳು.

"ಅದ್ನೇ ಕಣ್ಲಾ ಅವತ್ತು ಯೋಳಾಕ್ ಬಂದಿದ್ದು" ಎಂದಳು. "ನನ್ ಮದ್ವೇಲಿ ಕಟ್ಟಿದ್ರಲ್ಲ, ದಾರ ಕಿತ್ತೋಗಿ ರಾಗಿ ರಾಶಿ ಒಳಕ್ಕೆ ಬಿದ್ದೋಗಿತ್ತು. ಮೂರು ದಿನ ಅತ್ತೆ ಊಟ ಬುಟ್ಟು ಜರಡಿ ಇಡುದ್ರು. ಸಿಕ್ದೇಟ್ಗೆ ಕೊಂಡಿ ತಗಸಿ, ಇನ್ ಯಾರ್ ಕೊಳ್ಳಿಗೂ ಕಟ್ಬ್ಯಾಡಿ ಅಂತ ಒಳಗಿಟ್ಬುಟ್ರು. ಅದ್ಕೇ ಅವಳ್ಗೆ ಕಟ್ನಿಲ್ಲ."

"ಆಮೇಲಾದ್ರೂ ಯಾಕೆ ಹೇಳ್ಲಿಲ್ಲ ಅಕ್ಕ?"

"ನಿಂಗೆ ಏನ್ ಕಂಡು ಅಂಗಂದ್ಯೋ ನಂಗೇನ್ ಗೊತ್ತು? ನೀ ತಿಳ್ಕಂಡಿರೋನು, ದೊಡ್ಡೋರ್ ಜೊತೆ ಓಡಾಡೋನು. ಎಲ್ಲೋ ಅತ್ತೆ ಕಾಲ್ದಾಗೇ ಬದಲಾಗಿತ್ತೇನೋ ಅಂತ ನಾನೂ ಅಂದ್ಕಂಡೆ."

ನನ್ನ ಮಾತನ್ನು ಅತಿ ಹೆಚ್ಚು ನಂಬಿದವಳು ಅವಳೇ. ತಾನು ಇಷ್ಟು ವರ್ಷ ಪೂಜೆ ಮಾಡಿದ್ದು ನಕಲಿಗೆ ಎಂದು ಒಪ್ಪಿಕೊಂಡು ಆ ಕೋಣೆಯಲ್ಲಿ ಕೂತಿದ್ದಳು. ಅವಳ ಎದುರಿಗೆ ಕೂತೆ. ಕ್ಷಮಿಸು ಎನ್ನಲು ಬಾಯಿ ಬಿಟ್ಟೆ. ಅವಳು ಬೇಡ ಎನ್ನುವಂತೆ ಕೈ ಆಡಿಸಿದಳು.

"ಒಂದ್ ಮಾತು ಕೇಳ್ತೀನಿ. ಅವತ್ತು ಅಷ್ಟೊತ್ತು ಕುಂತ್ಕಂಡು ಆ ಕಾಸ್ನ ಅಂಗೂ ಇಂಗೂ ತಿರುಗ್ಸಿ ನೋಡ್ದಲ್ಲ. ಒಂದ್ಸಲ ನನ್ ಮಕ ನೋಡ್ಬೇಕು ಅನ್ನಿಸ್ನಿಲ್ವಾ ನಿಂಗೆ?"

ಆಗಲೂ ನಾನು ನೋಡುತ್ತಿದ್ದುದು ವಿಭೂತಿ ಬಟ್ಟಲನ್ನು.

ಆಮೇಲೆ ಅವಳೇ ಕೇಳಿದಳು: "ಪೋಟ ಅದೆ ಅಂದ್ಯಲ್ಲ. ತೋರ್ಸು."

ಮೊಬೈಲ್ ತೆಗೆದೆ. ಕಪ್ಪು ಬಟ್ಟೆಯ ಮೇಲಿನ ಸ್ಪಷ್ಟ ಚಿತ್ರ ತೋರಿಸುವ ಮುಂಚೆ ಅದರ ಹಿಂದಿನದು ತೆರೆದುಕೊಂಡಿತು. ಅಳಿಸಲು ಮರೆತಿದ್ದ ಮಸುಕು ಚಿತ್ರ, ಅವಳ ಅಂಗೈ ಮೇಲಿನದು. ಬೆರಳು ಸರಿಸಿ ಮುಂದಕ್ಕೆ ಹೋಗಲು ನೋಡಿದೆ. "ಇರ್ಲಿ, ಇದೇ ಇರ್ಲಿ" ಎಂದು ಮೊಬೈಲನ್ನು ಇಸಿದುಕೊಂಡಳು. ಅವಳ ಅಂಗೈಯ ಗೆರೆಗಳು, ನಡುವೆ ಅಲುಗಿದ ಹಳದಿ ಬೆಳಕು. ಶಿವನೂ ಇಲ್ಲ, ಪಾರ್ವತಿಯೂ ಇಲ್ಲ. ಅಷ್ಟನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲಿಗೆ ಬೆರಳು ಅದ್ದಿ, ಗಾಜಿನ ಮೇಲೆ ಆ ಹಳದಿಗೆ ಮೂರೆಳೆ ವಿಭೂತಿ ಎಳೆದಳು. ಸೋಮವಾರವಾಗಿತ್ತು.

ಪರದೆ ತಾನಾಗಿ ಕಪ್ಪಾಯಿತು. ಬೂದಿಯ ಮೂರು ಗೆರೆ ಮಾತ್ರ ಉಳಿಯಿತು. ಮೊಬೈಲನ್ನು ನನ್ನ ಕೈಗಿಟ್ಟು, "ಬಸ್ ತಪ್ಪೋಯ್ತದೆ, ಓಗು" ಎಂದಳು.

ಚಾಮರಾಜನಗರದ ಬಸ್ಸಿನಲ್ಲಿ ಕೂತಿದ್ದಾಗ ಒಂದು ಸಂದೇಶ ಬಂತು. ಪರದೆ ಬೆಳಗಿತು. ಮೈಸೂರಿನಲ್ಲಿ ಭೇಟಿಯಾಗಿದ್ದ ಯಾರೋ ಒಂದು ಕಾಸಿನ ಚಿತ್ರ ಕಳಿಸಿದ್ದರು. ಕೆಳಗೆ ಬರೆದಿದ್ದರು: ನೋಡಿ ಸ್ಥಿತಿ ಹೇಳಿ ಸರ್.

ವಿಭೂತಿಯ ಗೆರೆಗಳ ಹಿಂದೆ ಆ ಕಾಸು ಅರ್ಧ ಕಾಣುತ್ತಿತ್ತು. ಒರೆಸಿದರೆ ಪೂರ್ತಿ ಕಾಣುತ್ತಿತ್ತು. ನಾನು ಒರೆಸಲಿಲ್ಲ.